ಡಿಫ್ರಾಗ್ ಹೊಡೆಯೋಕ್ ಮುಂಚೆ ಆ ಒಂದು ಕಾಲಮ್ ನೋಡಿ

ಲ್ಯಾಪ್‌ಟಾಪ್ ಸ್ಲೋ ಆಯ್ತು ಅಂದ್ರೆ ಸಾಕು, ಯಾರಾದ್ರೂ ಒಬ್ರು "ಡಿಫ್ರಾಗ್ ಹೊಡಿ ಗುರೂ" ಅಂತಾರೆ, ಅಂದ್ರೆ ಡಿಸ್ಕಲ್ಲಿ ಚೂರು ಚೂರಾಗಿ ಬಿದ್ದಿರೋ ಫೈಲುಗಳನ್ನ ಒಂದ್ಕಡೆ ಜೋಡ್ಸು ಅಂತ. ಹೊಡೀರಿ, ಬೇಡ ಅನ್ನಲ್ಲ, ಆದ್ರೆ ಮೊದ್ಲು ಒಳಗಿರೋದು ತಿರುಗೋ ತಟ್ಟೆಯ ಹಾರ್ಡ್ ಡಿಸ್ಕಾ, ತಿರುಗೋದೇ ಇಲ್ಲದ ಚಿಪ್ಪಿನ ಎಸ್‌ಎಸ್‌ಡಿನಾ ನೋಡ್ಕೊಳ್ಳಿ. ವಿಂಡೋಸ್ 10ರಲ್ಲಿ ಸ್ಟಾರ್ಟ್ ಒತ್ತಿ ಡಿಫ್ರಾಗ್ ಅಂತ ಟೈಪ್ ಮಾಡಿ, ಬರೋ ವಿಂಡೋಲಿ ಮೀಡಿಯಾ ಟೈಪ್ ಅನ್ನೋ ಕಾಲಮ್ ಇರುತ್ತೆ. ಸಾಲಿಡ್ ಸ್ಟೇಟ್ ಅಂತಿದ್ರೆ ನಿಮ್ ಕೆಲಸ ಮುಗೀತು, ವಿಂಡೋಸೇ ಟ್ರಿಮ್ (ಅಳಿಸಿದ ಫೈಲಿನ ಜಾಗ ಖಾಲಿ ಅಂತ ಡ್ರೈವಿಗೆ ಹೇಳೋದು) ಮಾಡ್ಕೊಳ್ಳುತ್ತೆ, ಹೊರಗಿನ್ ಸಾಫ್ಟ್‌ವೇರ್ ಹಾಕಿ ಡಿಫ್ರಾಗ್ ಮಾಡಿದ್ರೆ ಸುಮ್ನೆ ಬರೆದು ಬರೆದು ಸವೆಸಿದ್ ಹಾಗೆ ಅಷ್ಟೇ.

ಹಾರ್ಡ್ ಡಿಸ್ಕ್ ಕಥೆ ಬೇರೆ. 5400 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 5400 ಸುತ್ತಿನ ಡಿಸ್ಕು ಒಂದ್ ಸುತ್ತು ಹಾಕೋಕೆ ಸುಮಾರು 11 ಮಿಲಿಸೆಕೆಂಡ್ ಬೇಕು, ಫೈಲು ಸಾವಿರ ಚೂರಾಗಿ ಬಿದ್ದಿದ್ರೆ ಅದನ್ನ ಓದೋ ಹೆಡ್ಡು ಪ್ರತಿ ಚೂರಿಗೂ ಓಡಾಡಿ, ಜಾಗ ತಿರುಗಿ ಬರೋ ತನಕ ಕಾಯ್ಬೇಕು, ಅಲ್ಲೇ ಸ್ಲೋ ಆಗೋದು.

ಆದ್ರೂ ತಕ್ಷಣ ಅದೇ ವಿಂಡೋಲಿರೋ ಆಪ್ಟಿಮೈಜ್ (ಡಿಫ್ರಾಗ್ ಶುರು ಮಾಡೋ ಬಟನ್) ಒತ್ಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಹೆಲ್ತ್ ನೋಡಿ, ಹಳದಿ ಬಣ್ಣದಲ್ಲಿ ಕಾಶನ್ ಅಂತ ಬಂದ್ರೆ ಡಿಫ್ರಾಗ್ ಮರ್ತು ಮೊದ್ಲು ಫೋಟೋ ಗೀಟೋ ಎಲ್ಲಾ ಬೇರೆ ಕಡೆ ಕಾಪಿ ಮಾಡಿ. ನಮ್ ಭಾವನ ಹಳೇ ಡಿಸ್ಕಿಗೆ ನಾನು ಇದನ್ನ ನೋಡದೇ ರಾತ್ರಿ ಡಿಫ್ರಾಗ್ ಹಾಕಿ ಮಲಗಿದ್ದೆ, ಬೆಳಿಗ್ಗೆ ಎದ್ರೆ 12 ಪರ್ಸೆಂಟ್‌ನಲ್ಲಿ ನಿಂತಿತ್ತು, ಒಳಗಿಂದ ಟಕ್ ಟಕ್ ಸೌಂಡು, ಮಗುವಿನ ನಾಮಕರಣದ ಫೋಟೋ ಒಂದೂ ವಾಪಸ್ ಬರ್ಲಿಲ್ಲ. ಅಕ್ಕ ಇವತ್ತಿಗೂ ಎತ್ತಾಡ್ತಾಳೆ.

ಹೆಲ್ತ್ ಚೆನ್ನಾಗಿದ್ರೆ ರೀಸೈಕಲ್ ಬಿನ್ನು, ಡೌನ್‌ಲೋಡ್ ಕಸ ತೆಗೆದು ಒಂದ್ 15 ಪರ್ಸೆಂಟ್ ಆದ್ರೂ ಖಾಲಿ ಮಾಡಿ, ಜಾಗ ಇಲ್ದೆ ಚೂರುಗಳನ್ನ ಎತ್ತಿಡೋದಾದ್ರೂ ಎಲ್ಲಿ? ಆಮೇಲೆ ಅನಲೈಜ್, ಆಮೇಲೆ ಆಪ್ಟಿಮೈಜ್. ಒಂದೇ ಒಂದು ದೊಡ್ಡ ಫೈಲ್ ತೊಂದ್ರೆ ಕೊಡ್ತಿದ್ರೆ ಡಿಫ್ರ್ಯಾಗ್ಲರ್ ಅನ್ನೋ ಸಾಫ್ಟ್‌ವೇರ್ ಒಳ್ಳೇದು, ಫೈಲ್ ಲಿಸ್ಟಲ್ಲಿ ಯಾವ್ದು ಎಷ್ಟು ಚೂರಾಗಿದೆ ತೋರ್ಸುತ್ತೆ, ಅದೊಂದನ್ನೇ ಟಿಕ್ ಮಾಡಿ ಓಡಿಸ್ಬೋದು. ಎಷ್ಟು ಚೂರಾಗಿದೆ ಅಂತ ವಿಂಡೋಸು ಕಮ್ಮಿ ಪರ್ಸೆಂಟ್ ಹೇಳಿ ಡಿಫ್ರ್ಯಾಗ್ಲರ್ ಜಾಸ್ತಿ ತೋರ್ಸಿದ್ರೆ ಗಾಬರಿ ಬೇಡ, ವಿಂಡೋಸ್ ವಿಸ್ಟಾದಿಂದ ಈಚೆಗೆ 64 ಎಂಬಿಗಿಂತ ದೊಡ್ಡ ಚೂರುಗಳನ್ನ ವಿಂಡೋಸ್ ಲೆಕ್ಕಕ್ಕೇ ತಗೊಳ್ಳಲ್ಲ.

ಚಾರ್ಜರ್ ಹಾಕಿರಿ. ಮಧ್ಯೆ ಕೆಲಸ ಬಂದ್ರೆ ಸ್ಟಾಪ್ ಒತ್ಬೋದು, ವಿಂಡೋಸ್ 98ರ ಥರ ಬಣ್ಣದ ಡಬ್ಬಿ ನೋಡ್ತಾ ಕೂತು, ಯಾವ್ದೋ ಪ್ರೋಗ್ರಾಂ ಡಿಸ್ಕ್ ಮುಟ್ತು ಅಂತ ಮತ್ತೆ ಸೊನ್ನೆಯಿಂದ ಶುರು ಆಗೋದನ್ನ ನೋಡೋ ಕರ್ಮ ಈಗಿಲ್ಲ.