ನಡವಳಿಕೆಯನ್ನು ಮಣ್ಣಿನಲ್ಲಿ ರೂಪಿಸುವ ಬಗೆ

ಮನುಷ್ಯರ ನಡವಳಿಕೆಯನ್ನು ವಸ್ತುವಾಗಿಸಿಕೊಂಡು ಸೆರಾಮಿಕ್ ಶಿಲ್ಪ ಮಾಡಹೊರಟವರು ಸಾಮಾನ್ಯವಾಗಿ ಮೊದಲು ಮುಖಕ್ಕೆ ಕೈಹಾಕುತ್ತಾರೆ. ಆದರೆ ಸಿಟ್ಟು, ಸಂಕೋಚ, ಸೋಗು ಇವೆಲ್ಲ ಹೆಗಲಿನಲ್ಲಿ, ಕತ್ತಿನಲ್ಲಿ, ಪಾದಗಳಲ್ಲಿ ಮತ್ತು ಇಬ್ಬರ ನಡುವಿನ ಅಂತರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತವೆ. ಮೇಲಧಿಕಾರಿಯ ಮಾತಿಗೆ ತಲೆದೂಗುತ್ತಿರುವವನ ಪಾದಗಳು ಬಾಗಿಲಿನತ್ತ ತಿರುಗಿರಬಹುದು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಅಪರಿಚಿತರ ನಡುವೆ ಚೀಲವೊಂದು ಗೋಡೆಯಂತೆ ನಿಂತಿರಬಹುದು. ಇಂಥ ಒಂದೇ ಸಂಗತಿಯನ್ನು ಆರಿಸಿಕೊಂಡು, ಬೆನ್ನಿನ ಬಾಗನ್ನೂ ಭಾರ ಹೊತ್ತಿರುವ ಕಾಲನ್ನೂ ಮಾತ್ರ ಹಿಡಿಯುವ ಶೀಘ್ರ ರೇಖಾಚಿತ್ರಗಳನ್ನು ಬರೆಯಿರಿ. ಅನಂತರ ಕಣ್ಣು, ಮೂಗುಗಳಿಲ್ಲದ ಗೇಣುದ್ದದ ಮಣ್ಣಿನ ಮಾದರಿಯೊಂದನ್ನು ಮಾಡಿ ನೋಡಿ. ಅದು ಏನನ್ನೂ ಹೇಳದಿದ್ದರೆ ಮುಖ ಸೇರಿಸಿ ಪ್ರಯೋಜನವಿಲ್ಲ, ಭಂಗಿಯನ್ನೇ ಬದಲಿಸಬೇಕು.

ಗ್ರಾಗ್, ಅಂದರೆ ಸುಟ್ಟು ಪುಡಿಮಾಡಿದ ಮಣ್ಣಿನ ಹರಳು, ಬೆರೆತ ಸ್ಟೋನ್‌ವೇರ್ ಮಣ್ಣು (ಹೆಚ್ಚು ಶಾಖದಲ್ಲಿ ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವ ಬಗೆ) ಈ ಕೆಲಸಕ್ಕೆ ಒಳ್ಳೆಯದು. ಅದು ಕುಗ್ಗುವುದೂ ಬಿರುಕು ಬಿಡುವುದೂ ಕಡಿಮೆ. ಆಕೃತಿಯನ್ನು ಮಣ್ಣಿನ ಸುರುಳಿಗಳಿಂದ ಪಾದದಿಂದ ಮೇಲಕ್ಕೆ, ಒಳಗೆ ಪೊಳ್ಳಾಗಿ, ಸುಮಾರು 1 ಸೆಂ.ಮೀ. ದಪ್ಪದಲ್ಲಿ ಕಟ್ಟುತ್ತ, ಕೆಳಭಾಗ ತುಸು ಬಿಗಿಯಾದ ಮೇಲೆಯೇ ಮುಂದುವರಿಯಿರಿ. ಮಣ್ಣಿಗೆ ನೆನಪಿದೆಯೆಂದು ಕುಶಲಕರ್ಮಿಗಳು ಹೇಳುವುದು ಬರಿಯ ಅಲಂಕಾರವಲ್ಲ: ನೆಟ್ಟಗೆ ಕಟ್ಟಿದ ಕತ್ತನ್ನು ಆಮೇಲೆ ಬಾಗಿಸಿದರೆ, ಒಣಗುವಾಗಲೂ ಸುಡುವಾಗಲೂ ಅದು ಹಳೆಯ ನಿಲುವಿನತ್ತ ತುಸು ಮರಳುತ್ತದೆ. ತಗ್ಗಿದ ತಲೆ ಬೇಕಿದ್ದರೆ ಕತ್ತನ್ನು ಮೊದಲಿನಿಂದಲೇ ಬಾಗಿಸಿ ಕಟ್ಟಬೇಕು. ಒಳಗೆ ಕಬ್ಬಿಣದ ಸರಳನ್ನು ಉಳಿಸಬಾರದು, ಏಕೆಂದರೆ ಮಣ್ಣು ಕುಗ್ಗಿದರೂ ಸರಳು ಕುಗ್ಗದೆ ಆಕೃತಿ ಸೀಳುತ್ತದೆ. ಆಸರೆ ಬೇಕಾದಲ್ಲಿ ಅದೇ ಮಣ್ಣಿನ ಊರುಗಂಬ ಸಾಕು. ಕೈಗಳನ್ನು ಜೋಡಿಸುವಾಗ ಎರಡೂ ಬದಿಗಳನ್ನು ಗೀರಿ, ಮಣ್ಣಿನ ರಾಡಿ ಸವರಿ ಒತ್ತಬೇಕು. ಮುಚ್ಚಿದ ಪೊಳ್ಳುಗಳಿಗೆ ಕಾಣದಂತೆ ಒಂದು ತೂತು ಇರಲಿ.

ಇಬ್ಬರನ್ನು ತೋರಿಸುವ ಶಿಲ್ಪದಲ್ಲಿ ಇಬ್ಬರಿಗೂ ಬೇರೆಬೇರೆ ಪೀಠ ಕೊಡುವುದು ನನ್ನ ಸಲಹೆ. ಆಗ ಸುಟ್ಟ ನಂತರವೂ ನಡುವಿನ ಅಂತರವನ್ನು ತಿದ್ದಬಹುದು. ಬೆರಳಗಲದ ವ್ಯತ್ಯಾಸದಲ್ಲಿ ಸಲಿಗೆಯು ಮುನಿಸಾಗಿ ಕಾಣುವುದುಂಟು.

ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಣಗಿಸಿ. ಬೆರಳು, ಕಿವಿಗಳಂಥ ತೆಳು ಭಾಗಗಳನ್ನು ಇನ್ನಷ್ಟು ಮುಚ್ಚಿಡಿ. ಸುಡುವ ಗೂಡಿನಲ್ಲಿ 100 ಡಿಗ್ರಿ ಸೆಲ್ಸಿಯಸ್ ದಾಟುವ ಮೊದಲು ತೇವವೆಲ್ಲ ಹೋಗಿರಬೇಕು, ಇಲ್ಲದಿದ್ದರೆ ಆವಿಯ ಒತ್ತಡಕ್ಕೆ ಶಿಲ್ಪ ಒಡೆಯುತ್ತದೆ. 573 ಡಿಗ್ರಿಯ ಆಸುಪಾಸಿನಲ್ಲಿ ಸ್ಫಟಿಕಶಿಲೆಯ ಕಣಗಳ ಗಾತ್ರ ಥಟ್ಟನೆ ಬದಲಾಗುವುದರಿಂದ, ಏರುವಾಗಲೂ ಇಳಿಯುವಾಗಲೂ ಅಲ್ಲಿ ಅವಸರ ಸಲ್ಲದು. ಮೊದಲ ಸುಡುವಿಕೆಗೆ ಸುಮಾರು 1000 ಡಿಗ್ರಿ ಸಾಕು. ದಪ್ಪ ಹೊಳಪಿನ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬೆರಳಿನ ಗುರುತುಗಳನ್ನು ಹೂತುಹಾಕುತ್ತದೆ; ನೀರಿನಲ್ಲಿ ಕಲಸಿದ ಕಬ್ಬಿಣದ ಆಕ್ಸೈಡನ್ನು ಬಳಿದು ಒರೆಸಿ ಎರಡನೆಯ ಸಲ ಸುಟ್ಟರೆ ಬಟ್ಟೆಯ ಸುಕ್ಕೂ ಬಿಗಿಹಿಡಿದ ಮುಷ್ಟಿಯೂ ಎದ್ದು ಕಾಣುತ್ತವೆ. ಒಣ ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಕೋಣೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಿ.

ಅಧಿಕಾರದ ಗತ್ತನ್ನು ತೋರುವ ಆಕೃತಿಯು ನೋಡುವವರ ಕಣ್ಣಿಗಿಂತ ಮೇಲಿದ್ದರೆ ಬೆದರಿಸುತ್ತದೆ, ಮೊಣಕಾಲಿನ ಎತ್ತರದಲ್ಲಿದ್ದರೆ ನಗೆ ಬರಿಸುತ್ತದೆ. ಆದ್ದರಿಂದ ಅದನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬುದನ್ನು ರೇಖಾಚಿತ್ರದ ಹಂತದಲ್ಲೇ ನಿರ್ಧರಿಸಿ, ತಲೆಯ ಓರೆಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು.