ಬಿಕಾಂ ಜೊತೆ ಸಿಎ ಆರ್ಟಿಕಲ್‌ಶಿಪ್: ಆಫೀಸು ನೋಡಿ ಸೇರಿ

ಪಿಯುಸಿ ಫಲಿತಾಂಶ ಬಂದ ವಾರ ಕಾಮರ್ಸ್ ಮಕ್ಕಳ ಮನೆಯಲ್ಲಿ ಒಂದೇ ಚರ್ಚೆ: ‘ಬಿಕಾಂಗೆ ಸೇರಿಸೋದಾ, ಸಿಎ ಓದಿಸೋದಾ?’ ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕೇಳಿ ನೋಡಿ, ಅಕೌಂಟ್ಸ್ ತಲೆಗೆ ಹತ್ತಿದ್ದು ಆರ್ಟಿಕಲ್‌ಶಿಪ್‌ನಲ್ಲೇ ಅನ್ನುತ್ತಾರೆ. ಪ್ರಾಕ್ಟೀಸ್ ಮಾಡುವ ಸಿಎ ಕೈಕೆಳಗೆ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವ ಅವಧಿ ಅದು. ಹಿಂದೆ ಮೂರು ವರ್ಷ ಇತ್ತು, 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷ.

ಮೊದಲು ಫೌಂಡೇಶನ್, ಅಂದರೆ ಸಿಎ ಓದಿನ ಮೊದಲ ಹಂತದ ಪರೀಕ್ಷೆ. ಹತ್ತನೇ ತರಗತಿ ಮುಗಿದ ಮೇಲೆ ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಪಿಯುಸಿ ಆದ ಮೇಲೆ. ನಾಲ್ಕು ಪೇಪರ್. ಪ್ರತಿಯೊಂದರಲ್ಲೂ ಶೇ 40, ಒಟ್ಟಾರೆ ಶೇ 50 ಬರಬೇಕು. ಬಿಕಾಂ ಮುಗಿಸಿ ಶೇ 55 ತೆಗೆದವರಿಗೆ ಫೌಂಡೇಶನ್ ಬೇಕಿಲ್ಲ, ನೇರ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು.

ಇಂಟರ್‌ನಲ್ಲಿ ಆರು ಪೇಪರ್, ಎರಡು ಗ್ರೂಪ್. ಮೊದಲೆಲ್ಲ ಒಂದು ಗ್ರೂಪ್ ಪಾಸಾದರೂ ಆರ್ಟಿಕಲ್‌ಶಿಪ್‌ಗೆ ಸೇರಬಹುದಿತ್ತು. ಈಗ ಎರಡೂ ಆಗಲೇಬೇಕು. ಜೊತೆಗೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ ಕೊಡುವ ಕಂಪ್ಯೂಟರ್ ಮತ್ತು ಓರಿಯೆಂಟೇಶನ್ ತರಬೇತಿಯನ್ನೂ ಮುಗಿಸಿರಬೇಕು.

ಇನ್ನು ಆಫೀಸು ಹುಡುಕುವುದು. ಇಲ್ಲೇ ಎಡವುವುದು. ದೊಡ್ಡ ಹೆಸರಿನ ಫರ್ಮ್, ಗಾಜಿನ ಕಟ್ಟಡ ನೋಡಿ ಮನಸ್ಸು ಅತ್ತ ಓಡುತ್ತದೆ. ಅಲ್ಲಿ ಶಿಸ್ತು ಕಲಿಯಬಹುದು, ಬಯೋಡೇಟಾಗೂ ತೂಕ ಬರುತ್ತದೆ. ಆದರೆ ದೊಡ್ಡ ಕಂಪನಿಯ ಆಡಿಟ್‌ನಲ್ಲಿ ನಿಮ್ಮ ಪಾಲಿಗೆ ಒಂದೇ ತುಂಡು ಬಂದು, ತಿಂಗಳುಗಟ್ಟಲೆ ಅದನ್ನೇ ಮಾಡುತ್ತಾ ಕೂರಬೇಕಾಗಬಹುದು. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಆರೇಳು ಜನರ ಆಫೀಸಾದರೆ ವೋಚರ್ ಟಿಕ್ ಹಾಕುವುದರಿಂದ ಹಿಡಿದು ರಿಟರ್ನ್ ಫೈಲ್ ಮಾಡುವ ತನಕ ಎಲ್ಲವೂ ನಿಮ್ಮ ಕೈ ಮೇಲೆ ಹಾಯುತ್ತದೆ. ನನ್ನನ್ನು ಕೇಳಿದರೆ, ಮೊದಲ ಸಲ ಕಲಿಯುವವರಿಗೆ ಇದೇ ವಾಸಿ.

ಒಂದು ಉದಾಹರಣೆ ನೋಡಿ. ಪೈಪು, ಫಿಟಿಂಗ್ಸ್ ಮಾರುವ ಅಂಗಡಿಯವರು ತಾವು ಸರಕು ಕೊಂಡ 2,36,000 ರೂಪಾಯಿಯ ಬಿಲ್ ತಂದುಕೊಡುತ್ತಾರೆ. ಸರಕು 2 ಲಕ್ಷ, ಶೇ 18ರಂತೆ ಜಿಎಸ್‌ಟಿ 36,000. ಬಿಲ್ ಕೈಯಲ್ಲಿದೆ, ಹಣವೂ ಕೊಟ್ಟಾಗಿದೆ. ಆದರೆ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿಯಲ್ಲಿ, ಆ ಬಿಲ್ಲೇ ಇಲ್ಲ! ಯಾಕೆ? ಮಾರಿದವನು ತನ್ನ ರಿಟರ್ನ್ ಹಾಕಿಲ್ಲ. ಅವನು ಹಾಕುವ ತನಕ ಆ 36,000ದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ನಿಮ್ಮ ಕ್ಲೈಂಟ್‌ಗೆ ಸಿಗುವುದಿಲ್ಲ. ‘ಸರ್, ಆ ಬಿಲ್ ಅಪ್‌ಲೋಡ್ ಮಾಡಿದ್ರಾ?’ ಎಂದು ಅವನಿಗೆ ಫೋನ್ ಹಚ್ಚುವವರು ನೀವೇ. ಹೀಗೆ ನಾಲ್ಕು ಫೋನ್ ಮಾಡಿದರೆ ಇನ್‌ಪುಟ್ ಕ್ರೆಡಿಟ್ ಅಧ್ಯಾಯವನ್ನು ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ.

ಹಾಗಾಗಿ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟ್ ಬರುತ್ತಾ? ಟ್ಯಾಕ್ಸ್ ಆಡಿಟ್ ಎಷ್ಟಿದೆ? ಪರೀಕ್ಷೆಗೆ ರಜೆ ಹೇಗೆ? ಆಮೇಲೆ ಅಲ್ಲಿರುವ ಸೀನಿಯರ್ ಒಬ್ಬರನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ. ಆಫೀಸಿನ ನಿಜವಾದ ಕಥೆ ಅಲ್ಲಿ ಹೊರಬರುತ್ತದೆ. ಸೇರಿದ ಮೇಲೆ ಆಫೀಸು ಬದಲಿಸುವುದು ಸುಲಭವಲ್ಲ, ಸುಮ್ನೆ ಯಾರೋ ಹೇಳಿದರು ಎಂದು ಸೇರಬೇಡಿ. ಸ್ಟೈಪೆಂಡ್ ಬಗ್ಗೆ ಜಾಸ್ತಿ ಆಸೆ ಬೇಡ. ಐಸಿಎಐ ನಿಗದಿ ಮಾಡಿದ ಕನಿಷ್ಠ ಮೊತ್ತದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಹುಟ್ಟುವುದಿಲ್ಲ.

ಸೇರಿದ 30 ದಿನದೊಳಗೆ ಆರ್ಟಿಕಲ್‌ಶಿಪ್ ನೋಂದಣಿಯ ಫಾರಂ 103 ಅನ್ನು ಐಸಿಎಐಗೆ ಸಲ್ಲಿಸಬೇಕು. ಬಿಕಾಂ ಓದುತ್ತಿದ್ದರೆ ಫಾರಂ 112ರಲ್ಲಿ ಅನುಮತಿಯನ್ನೂ ಕೇಳಬೇಕು. ತರಗತಿಯೂ ಆಫೀಸಿನ ವೇಳೆಯೂ ಒಂದಕ್ಕೊಂದು ಅಡ್ಡ ಬರಬಾರದು. ಅದಕ್ಕೇ ಕೆಲವರು ಬೆಳಗಿನ ಅಥವಾ ಸಂಜೆ ಕಾಲೇಜು ಹಿಡಿಯುತ್ತಾರೆ, ಇನ್ನು ಕೆಲವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಕಟ್ಟುತ್ತಾರೆ.

ಕಂಪನಿ ಕೆಲಸದ ಕಡೆ ಒಲವಿದ್ದರೆ ಕೊನೆಯ 9ರಿಂದ 12 ತಿಂಗಳನ್ನು ಕಂಪನಿಯೊಂದರ ಫೈನಾನ್ಸ್ ವಿಭಾಗದಲ್ಲೇ ಕಳೆಯಲು ಅವಕಾಶ ಉಂಟು. ಅದಕ್ಕೆ ನಿಮ್ಮ ಪ್ರಿನ್ಸಿಪಾಲ್, ಅಂದರೆ ಕೆಲಸ ಕಲಿಸುವ ಸಿಎ ಒಪ್ಪಬೇಕು. ಸೆಪ್ಟೆಂಬರ್‌ನ ಆಡಿಟ್ ಗಡಿಬಿಡಿಯಲ್ಲಿ ಮಾತ್ರ ಹೋಗಿ ಕೇಳಬೇಡಿ.