ಗ್ಯಾರೇಜ್ ತಾರಸಿ ಸೋರುತ್ತಿದ್ದರೆ ಸದ್ಯಕ್ಕೊಂದು ತೇಪೆ

ಒಳಗೆ ಹನಿ ಬೀಳುವ ಕಡೆಯೇ ಮೇಲೂ ತೂತಿರಬೇಕು ಎಂದುಕೊಂಡು ಅಲ್ಲೇ ಸಿಮೆಂಟ್ ಮೆತ್ತುವವರು ಬಹಳ. ನೀರು ಹಾಗೆ ನೆಟ್ಟಗೆ ಇಳಿಯುವುದಿಲ್ಲ. ಒಂದು ಕಡೆ ಒಳಹೊಕ್ಕು, ಇಳಿಜಾರು ಸಿಕ್ಕತ್ತ ಹರಿದು, ಎಷ್ಟೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಹನಿಯ ಜಾಗವನ್ನು ಎರಡು ಗೋಡೆಗಳಿಂದ ಅಳೆದುಕೊಳ್ಳಿ. ಮೇಲೆ ಅದೇ ಅಳತೆ ಹಿಡಿದು, ಅಲ್ಲಿಂದ ಎತ್ತರದ ಕಡೆಗೆ ಹುಡುಕುತ್ತಾ ಹೋಗಿ. ಅಂಚಿನ ಕಟ್ಟೆ ತಾರಸಿಗೆ ಸೇರುವ ಮೂಲೆ, ಪೈಪು ತೂರಿದ ಜಾಗ, ನೀರು ತಡೆಯಲು ತಾರಸಿಗೆ ಹಾಸುವ ಡಾಂಬರು ಶೀಟಿನ ಜೋಡಣೆ, ಕಳ್ಳ ಸಾಮಾನ್ಯವಾಗಿ ಇಲ್ಲೇ ಇರುತ್ತಾನೆ.

ಅದಕ್ಕೂ ಮುಂಚೆ ನೀರು ಹೊರಹೋಗುವ ಪೈಪಿನ ಬಾಯಿ ನೋಡಿ. ಎಲೆ, ಮಣ್ಣು ಕಟ್ಟಿಕೊಂಡು 5 ಸೆಂ.ಮೀ. ನೀರು ನಿಂತರೂ ಪ್ರತಿ ಚದರ ಮೀಟರಿಗೆ 50 ಕೆ.ಜಿ. ಭಾರ ಬೀಳುತ್ತದೆ. ಕಸ ತೆಗೆದು ನೀರು ಗುಡಿಸಿಬಿಟ್ಟರೆ ಎಷ್ಟೋ ಸಲ ಸೋರುವುದು ಅರ್ಧಕ್ಕರ್ಧ ಇಳಿಯುತ್ತದೆ. ಒಳಗೆ ದೀಪದ ಹೋಲ್ಡರ್ ಹತ್ತಿರ ನೀರಿಳಿಯುತ್ತಿದ್ದರೆ ಮೊದಲು ಗ್ಯಾರೇಜಿನ ಕರೆಂಟ್ ತೆಗೆಯಿರಿ.

ಮಳೆ ಸುರಿಯುವಾಗ ಏನನ್ನೂ ಅಂಟಿಸಲು ಹೋಗಬೇಡಿ, ದುಡ್ಡು ದಂಡ. ಮಳೆ ಬಿಡುವು ಕೊಟ್ಟಾಗ ಟಾರ್ಪಾಲು ಹೊದಿಸಿ. ಬಿರುಕಿನ ಮೇಲಷ್ಟೇ ಹಾಸಿದರೆ ಮೇಲಿನಿಂದ ಹರಿದುಬಂದ ನೀರು ಅದರಡಿ ನುಗ್ಗುತ್ತದೆ. ಆದ್ದರಿಂದ ತಾರಸಿಯ ಎತ್ತರದ ಅಂಚನ್ನೂ ದಾಟಿಸಿ ಹೊರಗೆ ಇಳಿಬಿಡಬೇಕು. ಅಡಿಯಲ್ಲಿ ಒಂದು ಮರದ ಪಟ್ಟಿ ಕೊಟ್ಟರೆ ನಡುವೆ ನೀರು ನಿಲ್ಲದು. ಮೊಳೆ ಹೊಡೆದರೆ ಹೊಸ ತೂತು, ಇಟ್ಟಿಗೆ ಹೇರಿದರೆ ಅಂಚು ಹರಿಯುತ್ತದೆ. ಮರಳು ಚೀಲ ಇಟ್ಟು, ಹಗ್ಗದಿಂದ ಬಿಗಿಯಿರಿ. ಗಾಳಿ ಜೋರಾಗಿದ್ದರೆ, ಗುಡುಗು ಮಿಂಚಿದ್ದರೆ ಹತ್ತಲೇಬೇಡಿ. ಒಳಗೊಂದು ಬಕೆಟ್ ಇಟ್ಟು ಸುಮ್ಮನಿರುವುದೇ ಜಾಣತನ.

ಒಣಗಿದ ಮೇಲೆ ತೇಪೆಯ ಕೆಲಸ. ಡಾಂಬರು ಶೀಟು ಸೀಳಿದ್ದರೆ ಧೂಳು, ಪಾಚಿ ಉಜ್ಜಿ ತೆಗೆದು, ಪ್ರೈಮರ್ (ಟೇಪ್ ಚೆನ್ನಾಗಿ ಹಿಡಿಯಲು ಮೊದಲು ಬಳಿಯುವ ದ್ರವ) ಬಳಿದು, ಅದು ಒಣಗಿದ ನಂತರ ಅಂಟು ಬಿಟುಮೆನ್ (ಡಾಂಬರು) ಟೇಪ್ ಹಾಕಿ. ಸೀಳಿನ ಎಲ್ಲಾ ಬದಿಗೂ ಕನಿಷ್ಠ 10 ಸೆಂ.ಮೀ. ಚಾಚಿರಲಿ. ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆಯೇ ಮೊದಲು ಏಳುವುದು. ಎರಡು ತುಂಡು ಬೇಕಾದರೆ ಕೆಳಗಿನದನ್ನು ಮೊದಲು ಅಂಟಿಸಿ, ಮೇಲಿನದು ಅದರ ಮೇಲೆ ಬರಲಿ. ನಡುವಿನಿಂದ ಹೊರಕ್ಕೆ ಒತ್ತುತ್ತಾ ಗಾಳಿ ಹೊರಡಿಸಿ. ಶೀಟು ಉಬ್ಬಿದ್ದರೆ ಅಡ್ಡಕ್ಕೂ ಉದ್ದಕ್ಕೂ ಕೊಯ್ದು, ನಾಲ್ಕು ಎಸಳು ಬಿಡಿಸಿ, ಒಳಗಿನ ತೇವ ಪೂರ್ತಿ ಒಣಗಿಸಿ, ಡಾಂಬರು ಪೇಸ್ಟ್ ಹಚ್ಚಿ ಮಡಚಿ, ಮೇಲೆ ತೇಪೆ ಹಾಕಬೇಕು. ತೇವ ಉಳಿದರೆ ಬಿಸಿಲಿಗೆ ಆವಿಯಾಗಿ ಮತ್ತೆ ಉಬ್ಬುತ್ತದೆ.

ಕಾಂಕ್ರೀಟಿನ ಬಿರುಕಾದರೆ ಬರೀ ಸಿಮೆಂಟ್ ಸಾಲದು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗುವ ತಾರಸಿಯ ಜೊತೆ ಅದು ಹಿಗ್ಗುವುದಿಲ್ಲ, ಪಕ್ಕದಲ್ಲೇ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ಉಳಿಯಿಂದ ಬಿರುಕನ್ನು ಸುಮಾರು 1 ಸೆಂ.ಮೀ. ಅಗಲ, ಅಷ್ಟೇ ಆಳ ಬಿಡಿಸಿ, ವೈರ್ ಬ್ರಷ್‌ನಿಂದ ಪುಡಿ ತೆಗೆದು, ಒಣಗಿದ ಮೇಲೆ ಒಣಗಿದರೂ ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲೆಂಟ್ (ಬಿರುಕು ಮುಚ್ಚುವ ಪೇಸ್ಟ್) ತುಂಬಿ. ಬಾತ್‌ರೂಮ್ ಸಿಲಿಕೋನ್ ಡಾಂಬರಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ಮುಂದೆ ಬೇರೇನೂ ಅಂಟದಂತೆಯೂ ಮಾಡಿಬಿಡುತ್ತದೆ.

ಸೀಲೆಂಟ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಸಮಯ ಬಿಟ್ಟು ಪರೀಕ್ಷಿಸಿ. ಕೆಳಗೊಬ್ಬರು ಟಾರ್ಚ್ ಹಿಡಿದು ನಿಂತಿರಲಿ, ಮೇಲಿನವರು ಇಳಿಜಾರಿನ ತಗ್ಗಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಎತ್ತರಕ್ಕೆ ಪೈಪಿನ ನೀರು ಬಿಡಲಿ. ಎಲ್ಲಿಗೆ ಬಂದಾಗ ಹನಿಯಿತೋ, ಉಳಿದ ತೂತು ಅಲ್ಲಿದೆ.